ಹಳೇ ಮೌಸರ್ ರೈಫಲ್‌ಗೆ ಮನೆಯಲ್ಲೇ ಮರಗೆಲಸ: ನನ್ನ ಅನುಭವ

ಹಳೇ ಬೋಲ್ಟ್ ರೈಫಲ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿಯೇ ಬೋಲ್ಟ್) ಕೈಗೆ ಸಿಕ್ಕ ಕೂಡಲೇ ಅದನ್ನು ಬಿಚ್ಚಿ ನೋಡೋಣ ಅನ್ನಿಸುತ್ತದೆ. ನಾನು ಮೊದಲು ನೋಡುವುದು ಅದನ್ನು ಮುಟ್ಟಬೇಕಾ, ಬೇಡವಾ ಅಂತ. ಬೋಲ್ಟ್ ಮೇಲಿನ ನಂಬರೂ ಅದು ಕೂರುವ ಉಕ್ಕಿನ ಚೌಕಟ್ಟಾದ ರಿಸೀವರ್ ಮೇಲಿನ ನಂಬರೂ ಒಂದೇ ಇದ್ದು, ಮರದ ಮೇಲಿನ ಸೈನ್ಯದ ಮುದ್ರೆಗಳು ಇನ್ನೂ ಕಾಣುತ್ತಿದ್ದರೆ ಅದಕ್ಕೆ ಸ್ಯಾಂಡ್‌ಪೇಪರ್ ಹಚ್ಚುವುದಿಲ್ಲ. ಒರೆಸಿ, ಎಣ್ಣೆ ಹಾಕಿ ಇಡುತ್ತೇನೆ ಅಷ್ಟೇ. ಒಂದು ಸಲ ಉಜ್ಜಿ ಹೋದ ಮುದ್ರೆ ಮತ್ತೆ ಬರುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಮೌಸರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ರೈಫಲ್‌ಗಳು ಅಗ್ಗದ ಬೆಲೆಗೆ ರಾಶಿ ರಾಶಿ ಮಾರಾಟವಾದವು. ಕೊಂಡವರು ಬೇಟೆಗೆ ಹಗುರ ಆಗಲಿ ಅಂತ ಮುಂದಿನ ಮರ ಕತ್ತರಿಸಿದರು, ಸೈಟ್ ಕಿತ್ತರು, ನೆಟ್ಟಗಿದ್ದ ಬೋಲ್ಟ್ ಹಿಡಿಯನ್ನು ಬಗ್ಗಿಸಿದರು. ಹೀಗೆ ಯಾರೋ ಆಗಲೇ ಕತ್ತರಿಸಿಟ್ಟ ರೈಫಲ್‌ಗಳೇ ನನ್ನಂಥವರಿಗೆ ಸರಿ. ಅವುಗಳಲ್ಲಿ ಕಳೆದುಕೊಳ್ಳುವುದು ಏನೂ ಉಳಿದಿರುವುದಿಲ್ಲ, ಅಲ್ವಾ? ನನ್ನ ಬೆಂಚಿಗೆ ಬಂದದ್ದೂ ಅಂಥದ್ದೇ ಒಂದು ಮೌಸರ್ 98.

ಈ 98 ನನಗೆ ಇಷ್ಟವಾಗಲು ಕಾರಣ ಅದರ ಬೋಲ್ಟ್. ಮುಂದೆ ಎರಡು ಲಗ್ (ರಿಸೀವರ್‌ಗೆ ಸಿಕ್ಕಿಕೊಳ್ಳುವ ಉಬ್ಬುಗಳು), ಅವು ಕೈಕೊಟ್ಟರೆ ಇರಲಿ ಅಂತ ಹಿಂದೆ ಮೂರನೆಯದು. ತೋಟಾದ ಹಿತ್ತಾಳೆ ಒಡೆದು ಗ್ಯಾಸ್ ಹಿಂದಕ್ಕೆ ನುಗ್ಗಿದರೆ ಅದು ಮುಖಕ್ಕೆ ಬಡಿಯದೆ ಪಕ್ಕಕ್ಕೆ ಹೋಗಲು ಬೋಲ್ಟ್‌ನಲ್ಲಿ ತೂತುಗಳಿವೆ. 1898ರಲ್ಲೇ ಇಷ್ಟೆಲ್ಲ ಯೋಚಿಸಿದ್ದರು.

ಆದರೆ ಆ ಭಾಗಕ್ಕೆ ನಾನು ಕೈ ಹಾಕುವುದಿಲ್ಲ. ಗುಂಡು ಸಿಡಿದಾಗ ಒತ್ತಡ ತಡೆಯುವ ಬೋಲ್ಟ್, ರಿಸೀವರ್, ನಳಿಗೆಯಲ್ಲಿ ತೋಟಾ ಕೂರುವ ಚೇಂಬರ್ ಎಲ್ಲ ಪರಿಣತ ಗನ್‌ಸ್ಮಿತ್‌ಗೆ, ಅಂದರೆ ಬಂದೂಕು ರಿಪೇರಿ ಮಾಡುವವರಿಗೆ, ಬಿಟ್ಟದ್ದು. ಹಳೇ ಮೌಸರ್ ರಿಸೀವರ್‌ನ ಉಕ್ಕು ಮೇಲ್ಪದರದಲ್ಲಿ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಲಗ್ ಕೂರುವ ಜಾಗವನ್ನು ಸುಮ್ನೆ ನಯ ಮಾಡೋಣ ಅಂತ ಅರ ಹಾಕಿದರೆ, ಇಲ್ಲಾ ಗ್ಯಾಸ್ ಟಾರ್ಚ್ ಹಿಡಿದರೆ ಆ ಗಟ್ಟಿ ಪದರ ಹಾಳು. ಸ್ಪ್ರಿಂಗ್‌ಫೀಲ್ಡ್ 1903ರಲ್ಲಂತೂ ನಂಬರನ್ನೇ ಮೊದಲು ನೋಡಬೇಕು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದ್ದಾದರೆ 8,00,000ಕ್ಕಿಂತ ಕೆಳಗಿನ ನಂಬರಿನ ರಿಸೀವರ್‌ಗಳಲ್ಲಿ ಕೆಲವು ಹದ ತಪ್ಪಿ ಪೆಡಸಾಗಿದ್ದು ಒಡೆದಿವೆ. ಅಂಥದ್ದನ್ನು ಗೋಡೆಗೆ ತೂಗುಹಾಕಬಹುದು, ಗುಂಡು ಹೊಡೆಯಬಾರದು. ನನ್ನ 98ರ ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟ್‌ನ ಮುಖಕ್ಕೂ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಳತೆ) ಗೇಜ್ ಹಾಕಿ ನೋಡಿಸಿಕೊಂಡ ಮೇಲೇ ನಾನು ಮರಕ್ಕೆ ಕೈ ಇಟ್ಟದ್ದು. ಲೈಸೆನ್ಸ್ ಅಂತೂ ಬೇಕೇ ಬೇಕು. ನಳಿಗೆ ಮೊಟಕು ಮಾಡುವುದಕ್ಕೆ, ಬದಲಾಯಿಸುವುದಕ್ಕೆ ಎಷ್ಟೋ ದೇಶಗಳಲ್ಲಿ ಬೇರೆಯೇ ಅನುಮತಿ ಬೇಕು. ಅದನ್ನು ಕೇಳಿಕೊಂಡೇ ಮುಂದುವರಿಯಬೇಕು.

ಬಿಚ್ಚುವ ಮೊದಲು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡುತ್ತೇನೆ. ಸ್ಕ್ರೂಡ್ರೈವರ್ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಮಾಮೂಲಿ ಸ್ಕ್ರೂಡ್ರೈವರ್ ತುದಿ ಕೆಳಗೆ ಹೋದಂತೆ ಸಣ್ಣದಾಗುತ್ತದೆ. ಹಾಗಾಗಿ ಸ್ಕ್ರೂವಿನ ತಲೆಯ ಸೀಳಿನ ಬಾಯಿಗೆ ಮಾತ್ರ ತಾಗಿ, ಜೋರು ಕೊಟ್ಟಾಗ ಜಾರಿ ಅಂಚು ಕೀಳುತ್ತದೆ. ಎರಡೂ ಬದಿ ಸಮಾನಾಂತರವಾಗಿ ಅರೆದು, ಸೀಳಿನಲ್ಲಿ ಬಿಗಿಯಾಗಿ ಕೂರುವ ತುದಿಯೇ ಬೇಕು. ಲೀ-ಎನ್‌ಫೀಲ್ಡ್ ಬಿಚ್ಚುವವರಿಗೆ ಒಂದು ಮಾತು: ಹಳೇ ಮಾರ್ಕ್ 3 ಮಾದರಿಯಲ್ಲಿ ಮುಂದಿನ ಮರ ತೆಗೆಯದೆ, ಹಿಂದಿನ ಮರವನ್ನು ಬಿಗಿದು ಹಿಡಿಯುವ ಸ್ಟಾಕ್ ಬೋಲ್ಟ್ ತಿರುಗಿಸಬೇಡಿ. ಆ ಬೋಲ್ಟ್‌ನ ಚೌಕ ತುದಿ ಮುಂದಿನ ಮರದ ಒಳಗೆ ಸಿಕ್ಕಿಕೊಂಡಿರುತ್ತದೆ. ತಿರುಗಿಸಿದರೆ ಮರ ಸೀಳುತ್ತದೆ.

ಹಳೇ ಸ್ಟಾಕ್‌ನ (ರೈಫಲ್‌ನ ಮರದ ಭಾಗ) ಹಿಂಭಾಗ, ಅದರಲ್ಲೂ ಕೈ ಹಿಡಿಯುವ ಜಾಗ, ಕಪ್ಪಗೆ ಜಿಡ್ಡಾಗಿರುತ್ತದೆ. ಅದು ಕೈಬೆವರು ಮಾತ್ರ ಅಲ್ಲ. ವರ್ಷಗಟ್ಟಲೆ ರೈಫಲ್ ಮೂತಿ ಮೇಲಾಗಿ ನಿಂತಿರುತ್ತದೆ. ಲೋಹಕ್ಕೆ ಹಾಕಿದ ಎಣ್ಣೆ ನಿಧಾನಕ್ಕೆ ಇಳಿದು ರಿಸೀವರ್‌ನ ಬಾಲದ (ಹಿಂದಕ್ಕೆ ಚಾಚಿದ ತುದಿ) ಹಿಂದಿನ ಮರಕ್ಕೆ ಸೇರುತ್ತದೆ. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ. ಒಂದೊಂದು ಹೊಡೆತಕ್ಕೂ ಲೋಹ ಹಿಂದಕ್ಕೆ ಒದ್ದಾಗ ಆ ಬಾಲ ಬೆಣೆಯಂತೆ ಮರಕ್ಕೆ ಇಳಿದು ಬಿರುಕು ಬಿಡಿಸುತ್ತದೆ. ನನ್ನ ರೈಫಲ್‌ನಲ್ಲೂ ಅಲ್ಲೇ ಕೂದಲೆಳೆ ಬಿರುಕಿತ್ತು.

ಎಣ್ಣೆ ತೆಗೆಯಲು ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿದೆ. ಇದು ಬೆಂಕಿ ಹತ್ತಿರ ಇಲ್ಲದ, ಗಾಳಿಯಾಡುವ ಜಾಗದಲ್ಲೇ ಆಗಬೇಕು. ಒಣಗುತ್ತಾ ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆರೆದು ಮತ್ತೆ ಮೆತ್ತಬೇಕು, ಪುಡಿ ಬಿಳಿಯಾಗೇ ಉಳಿಯುವವರೆಗೆ. ಆಮೇಲೆ ಬಿರುಕನ್ನು ತುಸು ಅಗಲಿಸಿ ತೆಳು ಎಪಾಕ್ಸಿ ಅಂಟು ಬಿಟ್ಟು ಬಿಗಿದು ಕಟ್ಟಿದೆ.

ತಗ್ಗುಗಳ ವಿಷಯಕ್ಕೆ ಬಂದರೆ, ಉಜ್ಜುವ ಮೊದಲು ಹಬೆ. ಒದ್ದೆ ಬಟ್ಟೆಯನ್ನು ತಗ್ಗಿನ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಚುಂಯ್ ಅನ್ನುತ್ತದೆ. ಅಮುಕಿ ಹೋಗಿದ್ದ ಮರದ ಎಳೆಗಳು ನೀರು ಕುಡಿದು ಉಬ್ಬಿ ಮೇಲೆ ಬರುತ್ತವೆ. ಎಳೆ ತುಂಡಾಗಿದ್ದರೆ ಮಾತ್ರ ಹಬೆಗೆ ಬಗ್ಗುವುದಿಲ್ಲ. ಅಂಥ ಗಾಯವನ್ನು ನಾನು ಹಾಗೇ ಬಿಡುತ್ತೇನೆ. ಅದಕ್ಕೋಸ್ಕರ ಸುತ್ತಲಿನ ಮರವನ್ನೆಲ್ಲ ಇಳಿಸಿದರೆ ಲೋಹದ ಅಂಚು ಮರಕ್ಕಿಂತ ಎತ್ತರ ನಿಂತು ಅಸಹ್ಯ ಕಾಣುತ್ತದೆ.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಡುವುದು ಲೋಹವನ್ನು ಮರಕ್ಕೆ ಕೂರಿಸುವುದು. ರಿಸೀವರ್‌ನ ತಳಕ್ಕೆ ದೀಪದ ಮಸಿ ಹಿಡಿಸಿ ಸ್ಟಾಕ್‌ಗೆ ಇಳಿಸಿ, ಮೇಲಿಂದ ಮೆಲ್ಲಗೆ ತಟ್ಟಿ, ಹೊರಗೆ ತೆಗೆಯುತ್ತೇನೆ. ಮರದ ಮೇಲೆ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ ಅಂತ ಅರ್ಥ. ಆ ಕಪ್ಪನ್ನಷ್ಟೇ ಹರಿತ ಉಳಿಯಲ್ಲಿ ಸವರಿ ತೆಗೆದು ಮತ್ತೆ ಮಸಿ, ಮತ್ತೆ ಇಳಿಸುವುದು. ಮೊದಮೊದಲು ನಾಲ್ಕಾರು ಚುಕ್ಕೆ ಕಾಣುತ್ತವೆ. ಕೊನೆಕೊನೆಗೆ ಇಡೀ ತಳ ಸಮನಾಗಿ ಬೂದಾಗುತ್ತದೆ. ಅವಸರ ಇರುವವರು ಇದನ್ನು ಬಿಟ್ಟು ನೇರ ಎಪಾಕ್ಸಿ ಸುರಿಯುತ್ತಾರೆ. ಕೆಲಸ ಆಗುತ್ತದೆ, ನನಗೆ ಅದು ರುಚಿಸುವುದಿಲ್ಲ.

ಹಾಗಂತ ಎಪಾಕ್ಸಿ ಬೇಡವೇ ಬೇಡ ಅಂತಲ್ಲ. ರಿಸೀವರ್‌ನ ತಳದಲ್ಲಿ ಚಾಚಿರುವ ರಿಕಾಯಿಲ್ ಲಗ್‌ನ ಹಿಂದೆ ಅದು ಬೇಕು. ಒದೆತವನ್ನೆಲ್ಲ ತಡೆಯುವುದು ಆ ಲಗ್‌ನ ಹಿಂಬದಿ. ಹಾಗಾಗಿ ಲಗ್‌ನ ಮುಂದೆ, ಪಕ್ಕ, ತಳಕ್ಕೆ ಟೇಪ್ ಅಂಟಿಸಿ ಜಾಗ ಬಿಟ್ಟು, ಹಿಂಬದಿ ಮಾತ್ರ ಪೂರ್ತಿ ತಾಗುವಂತೆ ಮಾಡಿದೆ. ಲೋಹದ ಪ್ರತಿ ತೂತಿಗೂ ಜೇಡಿ ತುಂಬಿ, ಎಲ್ಲ ಕಡೆ ಅಂಟದ ಮೇಣ ಬಳಿಯಬೇಕು. ಇಲ್ಲದಿದ್ದರೆ ಎಪಾಕ್ಸಿ ತೂತಿನೊಳಗೆ ಗಟ್ಟಿಯಾಗಿ ಮರ, ಲೋಹ ಎರಡೂ ಒಂದಾಗಿಬಿಡುತ್ತವೆ. ಬಾಲದ ಹಿಂದೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿಟ್ಟೆ. ಆ ಬಿರುಕು ಮತ್ತೆ ಬಾರದಿರಲು ಅದೇ ಔಷಧಿ. ನಳಿಗೆಯ ಕೆಳಗೂ ಕಾಗದ ಸಲೀಸಾಗಿ ಓಡಾಡುವಷ್ಟು ಮರ ತೆಗೆದೆ. ಈ ಕಾಗದದ ಲೆಕ್ಕ ಎಲ್ಲಾ ರೈಫಲ್‌ಗೂ ಅಲ್ಲ. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಮೂತಿಯ ಹತ್ತಿರ ಮರ ನಳಿಗೆಯನ್ನು ಸ್ವಲ್ಪ ಮೇಲಕ್ಕೆ ಒತ್ತಬೇಕು. ಅಲ್ಲಿ ಮರ ಕೆರೆದರೆ ಗುರಿ ಕೆಡುತ್ತದೆ.

ಲೋಹದ ಬಣ್ಣಕ್ಕೆ ತುಕ್ಕಿನ ಬ್ಲೂಯಿಂಗ್ ಮಾಡಿದೆ, ಅಂದರೆ ತುಕ್ಕು ಹಿಡಿಸಿ ಅದನ್ನು ಕಪ್ಪು ಪದರವಾಗಿಸುವುದು. ಕಾಸ್ಟಿಕ್ ಸೋಡಾ ಉಪ್ಪುಗಳನ್ನು 140 ಡಿಗ್ರಿ ಸುಮಾರಿಗೆ ಕುದಿಸುವ ವಿಧಾನ ಮನೆಗೆ ಹೇಳಿ ಮಾಡಿಸಿದ್ದಲ್ಲ, ಮೈಮೇಲೆ ಸಿಡಿದರೆ ಗತಿ ಏನು? ತುಕ್ಕಿನದು ನಿಧಾನ, ಆದರೆ ಸಾಧು. ಜಿಡ್ಡೇ ಇಲ್ಲದಂತೆ ತೊಳೆದ ನಳಿಗೆಯ ಎರಡೂ ಬಾಯಿಗೆ ಬಿರಡೆ ಜಡಿದು, ತುಕ್ಕು ಹಿಡಿಸುವ ದ್ರಾವಣವನ್ನು ತೆಳ್ಳಗೆ ಸವರಿ, ಬೆಚ್ಚಗಿನ ಹಸಿ ಪೆಟ್ಟಿಗೆಯಲ್ಲಿ ತೂಗುಹಾಕಬೇಕು. ಕೆಲವು ಗಂಟೆಗಳಲ್ಲಿ ನುಣ್ಣನೆ ಕೆಂಪು ತುಕ್ಕು ಬರುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕುದಿಸಿದರೆ ಆ ಕೆಂಪು ಕಣ್ಣೆದುರೇ ಕಪ್ಪಾಗುತ್ತದೆ. ಮೇಲಿನ ಮಸಿಯನ್ನು ನಯವಾದ ಸ್ಟೀಲ್ ವುಲ್‌ನಿಂದ ಒರೆಸಿದರೆ ಕೆಳಗೆ ಬೂದು ಪದರ ಉಳಿದಿರುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಿದಂತೆ ಬಣ್ಣ ಗಾಢವಾಗುತ್ತದೆ. ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಸಣ್ಣ ಗೀರಿಗೆ ಸರಿ, ಇಡೀ ನಳಿಗೆಗೆ ಬಾಳಿಕೆ ಬರುವುದಿಲ್ಲ.

ಮರಕ್ಕೆ ಬೇಯಿಸಿದ ಅಗಸೆ ಎಣ್ಣೆ. ಒಂದೆರಡು ಹನಿ, ಅಂಗೈಯಲ್ಲಿ ಬಿಸಿ ಹುಟ್ಟುವ ಹಾಗೆ ತಿಕ್ಕಬೇಕು, ಉಳಿದದ್ದು ಒರೆಸಬೇಕು. ಒಣಗಿದ ಮೇಲೇ ಮುಂದಿನ ಸುತ್ತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ನೀರು ತುಂಬಿದ ಡಬ್ಬಿಗೆ ಹಾಕುತ್ತೇನೆ.

ಜೋಡಿಸಿದ ಮೇಲೆ ಶೂಟಿಂಗ್ ರೇಂಜ್‌ಗೆ ಒಯ್ದು ಹೊಡೆದಾಗ ಮೊದಲ ಕೆಲವು ಗುಂಡಿಗೇ ಲೋಹವನ್ನು ಮರಕ್ಕೆ ಬಿಗಿಯುವ ಸ್ಕ್ರೂಗಳು ಸ್ವಲ್ಪ ಸಡಿಲಾದವು. ಹೊಸದಾಗಿ ಕೂರಿಸಿದ ಮರ ಅಮುಕಿಕೊಂಡಾಗ ಹೀಗಾಗುವುದುಂಟು. ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ ಬಿಗಿ ಮಾಡಿ, ಬಾಲದ ಹಿಂದಿನ ಸಂದು ಹಾಗೇ ಇದೆಯಾ ಅಂತ ನೋಡಿಕೊಂಡೆ. ಸೈನ್ಯದ ಹಳೇ ತೋಟಾ ಹೊಡೆದಿದ್ದರೆ ನಳಿಗೆಯನ್ನು ಅವತ್ತೇ ಬಿಸಿ ನೀರಲ್ಲಿ ತೊಳೆಯಬೇಕು. ಅದರ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ನಳಿಗೆಯೊಳಗೆ ಉಪ್ಪು ಬಿಟ್ಟಿರುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ತೊಳೆದು ಒಣಗಿಸಿ ಎಣ್ಣೆ ಹಾಕಿದ ಮೇಲೆ ಈಗ ನಾನು ರೈಫಲನ್ನು ಮೂತಿ ಕೆಳಗೆ ಮಾಡಿಯೇ ಇಡುವುದು.