ಮಕ್ಕಳ ಆನ್‌ಲೈನ್ ಶಾಲಾಪಾಠ: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಹೊಸ ದೇಶದಲ್ಲಿ ಮಗುವನ್ನು ಶಾಲೆಗೆ ಸೇರಿಸಿದ ಮೊದಲ ವಾರದಲ್ಲೇ ನಿಮ್ಮ ಇಮೇಲ್‌ಗೆ ನಾಲ್ಕೈದು ಪತ್ರಗಳು ಬಂದಿರುತ್ತವೆ. ಒಂದರಲ್ಲಿ ಶಾಲೆಯ ಪಾಠ, ಮನೆಗೆಲಸ ನಡೆಯುವ ಆನ್‌ಲೈನ್ ವೇದಿಕೆಯಾದ ಗೂಗಲ್ ಕ್ಲಾಸ್‌ರೂಮ್‌ನ ಆಹ್ವಾನ, ಇನ್ನೊಂದರಲ್ಲಿ ಯಾವುದೋ ಆ್ಯಪ್ ಇಳಿಸಿಕೊಳ್ಳಿ ಎಂಬ ಸೂಚನೆ, ಮತ್ತೊಂದರಲ್ಲಿ ಅಕ್ಷರ ಮತ್ತು ಅಂಕಿ ಬೆರೆತ ಒಂದು ಕೋಡ್. ಮನೆ ಜೋಡಿಸುವ ಗಡಿಬಿಡಿಯಲ್ಲಿ ಅವೆಲ್ಲವನ್ನೂ ಮಗುವಿನ ಕೈಗೆ ಕೊಟ್ಟು "ನೀನೇ ನೋಡಿಕೋ" ಎಂದುಬಿಡುತ್ತೇವೆ. ಮಗು ಬೇಗ ಕಲಿಯುತ್ತದೆ, ನಿಜ. ಆದರೆ ಅಲ್ಲಿಂದ ಮುಂದೆ ಶಾಲೆ ಹೇಳುವುದೆಲ್ಲ ಮನೆಗೆ ಮಗುವಿನ ಬಾಯಿಂದಲೇ ಬರತೊಡಗುತ್ತದೆ. ತಾನು ಗಣಿತದಲ್ಲಿ ಹಿಂದೆ ಬಿದ್ದಿರುವ ಸುದ್ದಿಯನ್ನು ಹತ್ತು ವರ್ಷದ ಹುಡುಗಿ ತಾನೇ ಓದಿ, ತಾನೇ ಕನ್ನಡಕ್ಕೆ ತಿರುಗಿಸಿ, ತಾಯಿಗೆ ಹೇಳಬೇಕಾಗುತ್ತದೆ. ಆ ಭಾರ ಅವಳ ಮೇಲೆ ಬೀಳಬಾರದು. ಶಾಲೆಯ ಮಾತು ನಿಮಗೆ ನೇರವಾಗಿ ತಲುಪಬೇಕು. ಮುಂದೆ ಬರೆದಿರುವುದೆಲ್ಲ ಅದಕ್ಕಾಗಿ.

ಆ್ಯಪ್‌ಗೆ ಮುಂಚೆ ಫೋನ್

ಹೊಸ ಊರಿಗೆ ಬಂದವರು ಮೊದಲು ಎಡವುವುದು ಪಾಠದಲ್ಲಲ್ಲ, ಲಾಗಿನ್‌ನಲ್ಲಿ. ನಿಮ್ಮ ಇಮೇಲ್ ಖಾತೆಗೆ ಹಳೆಯ ದೇಶದ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ, ದೃಢೀಕರಣದ ಒಟಿಪಿ ಆ ಸಂಖ್ಯೆಗೇ ಹೋಗುತ್ತದೆ. ಸಿಮ್ ಸ್ಥಗಿತಗೊಂಡಿದ್ದರೆ ಖಾತೆಯ ಬಾಗಿಲೇ ತೆರೆಯುವುದಿಲ್ಲ. ಹಳೆಯ ಸಿಮ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಹೊಸ ಸಂಖ್ಯೆಯನ್ನು ಸೇರಿಸಿಬಿಡಿ. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಶಾಲೆ ಹೇಳಿದ ಆ್ಯಪ್ ಹುಡುಕಿದರೂ ಸಿಗದಿರುವುದು ಎರಡನೆಯ ತೊಡಕು. ಆ್ಯಪ್ ಅಂಗಡಿಯಲ್ಲಿ ನಿಮ್ಮ ಖಾತೆಯ ದೇಶ ಇನ್ನೂ ಹಳೆಯದೇ ಆಗಿರುವುದು ಇದಕ್ಕೆ ಕಾರಣವಾಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ದೇಶವನ್ನು ಬದಲಿಸಬಹುದು. ಬದಲಿಸುವವರೆಗೆ ಬ್ರೌಸರ್‌ನಲ್ಲೇ ತೆರೆದು ನೋಡಿ, ಬಹುತೇಕ ವೇದಿಕೆಗಳು ಅಲ್ಲೂ ಕೆಲಸ ಮಾಡುತ್ತವೆ. ಜೊತೆಯಲ್ಲಿ ತಂದ ಲ್ಯಾಪ್‌ಟಾಪ್‌ನ ಗಡಿಯಾರವನ್ನೂ ಒಮ್ಮೆ ನೋಡಿಕೊಳ್ಳಿ. ಅದು ಹಳೆಯ ದೇಶದ ಸಮಯವನ್ನೇ ತೋರಿಸುತ್ತಿದ್ದರೆ ಮನೆಗೆಲಸ ಒಪ್ಪಿಸುವ ಗಡುವೂ ತಪ್ಪಾಗಿ ಕಾಣಿಸುತ್ತದೆ. ಕ್ಯಾನ್ವಾಸ್‌ನಂತಹ ಕೆಲವು ವೇದಿಕೆಗಳ ಒಳಗೂ ಸಮಯ ವಲಯದ ಆಯ್ಕೆ ಬೇರೆಯಾಗಿ ಇರುತ್ತದೆ.

ಇಮೇಲ್ ವಿಳಾಸದ ವಿಷಯ ಚಿಕ್ಕದು, ಆದರೆ ತುಂಬ ಕಾಡುವಂಥದ್ದು. ದಾಖಲಾತಿಯ ಅರ್ಜಿಯಲ್ಲಿ ನೀವು ಕೊಟ್ಟ ವಿಳಾಸಕ್ಕೇ ಶಾಲೆಯ ಆಹ್ವಾನ ಬರುತ್ತದೆ. ತಂದೆಯ ವಿಳಾಸ ಮಾತ್ರ ಕೊಟ್ಟಿದ್ದರೆ ತಾಯಿಗೆ ಏನೂ ಬರುವುದಿಲ್ಲ. ಶಾಲಾ ಕಚೇರಿಗೆ ಹೇಳಿ ಇಬ್ಬರ ವಿಳಾಸವನ್ನೂ ಬರೆಸಿ.

ನಿಮ್ಮದೇ ಖಾತೆ, ಮಗುವಿನದಲ್ಲ

ಶಾಲೆಗಳು ಸಾಮಾನ್ಯವಾಗಿ ಒಂದೇ ವೇದಿಕೆಯನ್ನು ಬಳಸುವುದಿಲ್ಲ. ಮನೆಗೆಲಸಕ್ಕೆ ಒಂದು, ಅಂಕ ಮತ್ತು ಹಾಜರಿಗೆ ಇನ್ನೊಂದು, ಶಿಕ್ಷಕರ ಸಂದೇಶಗಳಿಗೆ ಮತ್ತೊಂದು. ಯಾವುದು ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ. ಬರೆಯುವುದು ವೇದಿಕೆಯ ಹೆಸರು ಮತ್ತು ಉಪಯೋಗ ಮಾತ್ರ. ಪಾಸ್‌ವರ್ಡ್ ಗೋಡೆಯ ಮೇಲೆ ಬೇಡ.

ಮಗುವಿನ ಪಾಸ್‌ವರ್ಡ್ ಹಾಕಿ ಒಳಗೆ ಹೋಗುವುದು ಸುಲಭವೆಂದು ತೋರುತ್ತದೆ. ಆದರೆ ಹಾಗೆ ಹೋದಾಗ ನೀವು ಒತ್ತಿದ ಪ್ರತಿಯೊಂದು ಗುಂಡಿಯೂ ಮಗು ಒತ್ತಿದ ಲೆಕ್ಕಕ್ಕೇ ಸೇರುತ್ತದೆ. ಪೋಷಕರಿಗೆಂದೇ ಬೇರೆ ದಾರಿ ಇದೆ, ಪ್ರತಿ ವೇದಿಕೆಯಲ್ಲೂ ಬೇರೆ ಬೇರೆ ರೀತಿಯದು. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಶಾಲೆ ನಿಮ್ಮನ್ನು ಪೋಷಕರೆಂದು ಸೇರಿಸಿದರೆ, ಬಾಕಿ ಉಳಿದ ಕೆಲಸ ಮತ್ತು ಮುಂದೆ ಬರಲಿರುವ ಕೆಲಸದ ಸಾರಾಂಶ ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಇಮೇಲ್‌ನಲ್ಲಿ ಬರುತ್ತದೆ. ಕ್ಯಾನ್ವಾಸ್‌ನಲ್ಲಿ ಮಗು ತನ್ನ ಖಾತೆಯಿಂದ ಒಂದು ಜೋಡಣೆ ಕೋಡ್ ('ಪೇರಿಂಗ್ ಕೋಡ್') ತೆಗೆದುಕೊಡಬೇಕು. ಅದು ಏಳು ದಿನಗಳಲ್ಲಿ ರದ್ದಾಗುತ್ತದೆ, ಒಮ್ಮೆ ಬಳಸಿದರೆ ಮತ್ತೆ ನಡೆಯುವುದಿಲ್ಲ. ಇಬ್ಬರು ಮಕ್ಕಳಿದ್ದರೆ ಇಬ್ಬರಿಂದಲೂ ಬೇರೆ ಬೇರೆ ಕೋಡ್ ಬೇಕು. ಪುಟ್ಟ ಮಕ್ಕಳ ತರಗತಿಗಳಲ್ಲಿ ಬಳಸುವ ಸೀಸಾ, ಕ್ಲಾಸ್‌ಡೋಜೊ ಮುಂತಾದವುಗಳಿಗೆ ಶಿಕ್ಷಕರೇ ಆಹ್ವಾನ ಕಳುಹಿಸುತ್ತಾರೆ. ಆಹ್ವಾನ ಬಂದಿಲ್ಲವೆಂದರೆ ಕೇಳಿ ಪಡೆಯಿರಿ. ಕೇಳಿದರೆ ಶಿಕ್ಷಕರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನಮ್ಮಲ್ಲಿ ಅನೇಕರಿಗೆ ಇರುತ್ತದೆ. ಪೋಷಕರು ಕೇಳಲೆಂದೇ ಅವರು ಕಾಯುತ್ತಿರುತ್ತಾರೆ.

ಸಾರಾಂಶ ವಾರಕ್ಕೊಮ್ಮೆ ಬಂದರೆ ಸಾಕು ಎಂಬುದು ನನ್ನ ಅನುಭವ. ಪ್ರತಿ ಅಂಕಕ್ಕೂ ಫೋನ್ ಸದ್ದು ಮಾಡುವಂತೆ ಇಟ್ಟುಕೊಂಡರೆ ಮಗು ಮನೆಗೆ ಬರುವ ಮೊದಲೇ ಅದರ ಅಂಕ ಮನೆಗೆ ಬಂದಿರುತ್ತದೆ, ಬಾಗಿಲಲ್ಲೇ ವಿಚಾರಣೆ ಶುರುವಾಗುತ್ತದೆ. ನಾನು ಒಂದು ವರ್ಷ ಹಾಗೆಯೇ ಮಾಡಿದ್ದೆ. ನನ್ನ ಮಗ ಶಾಲೆಯ ಮಾತನ್ನೇ ಆಡದಂತಾದ ಮೇಲೆ ಆ ಸೂಚನೆಗಳನ್ನು ಆರಿಸಿದೆ.

ಮಾಡಿದ್ದು ಬೇರೆ, ಸಲ್ಲಿಸಿದ್ದು ಬೇರೆ

ನಮ್ಮ ಸಂಘದ ಬಳಿಗೆ ಬರುವ ದೂರುಗಳಲ್ಲಿ ಅತಿ ಹೆಚ್ಚಿನದು ಇದು: "ಮಗಳು ಎದುರಿಗೇ ಕುಳಿತು ಬರೆದಳು, ಆದರೂ ಶಾಲೆಯವರು ಬಂದಿಲ್ಲ ಎನ್ನುತ್ತಾರೆ." ಇಬ್ಬರೂ ಹೇಳುವುದು ನಿಜವೇ. ಉತ್ತರ ಬರೆದ ಕಡತ ಮಗುವಿನ ಗೂಗಲ್ ಡ್ರೈವ್‌ನಲ್ಲಿ, ಅಂದರೆ ಕಡತಗಳನ್ನು ಇಡುವ ಆನ್‌ಲೈನ್ ಜಾಗದಲ್ಲಿ, ಉಳಿದಿದೆ. ಕೊನೆಯ ಗುಂಡಿ ಒತ್ತಿಲ್ಲ. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಆ ಗುಂಡಿಯ ಮೇಲೆ 'ಟರ್ನ್ ಇನ್' ಅಥವಾ 'ಹ್ಯಾಂಡ್ ಇನ್' ಎಂದಿರುತ್ತದೆ, ಕ್ಯಾನ್ವಾಸ್‌ನಲ್ಲಿ 'ಸಬ್ಮಿಟ್'. ಕ್ಲಾಸ್‌ರೂಮ್‌ನಲ್ಲಿ ಅದನ್ನು ಒತ್ತಿದ ಮೇಲೆ ಮತ್ತೊಮ್ಮೆ ಕೇಳುತ್ತದೆ, ಅದಕ್ಕೂ ಒಪ್ಪಿಗೆ ಕೊಡಬೇಕು. ಸೇವ್ ಆಗಿದೆ ಎಂದರೆ ಸಲ್ಲಿಕೆಯಾಗಿದೆ ಎಂದಲ್ಲ.

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಇನ್ನೊಂದು ಬಲೆಯೂ ಇದೆ. ಸಲ್ಲಿಸಿದ ಮೇಲೆ ತಪ್ಪು ಕಂಡು ಮಗು 'ಅನ್‌ಸಬ್ಮಿಟ್' ಒತ್ತಿ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ತಿದ್ದಿದ ಮೇಲೆ ಮತ್ತೆ ಸಲ್ಲಿಸಲು ಮರೆತರೆ ಅದು ಸಲ್ಲಿಸದೇ ಇದ್ದ ಹಾಗೆಯೇ. ಗಡುವು ದಾಟಿದ ಮೇಲೆ ಹೀಗೆ ಹಿಂದಕ್ಕೆ ತೆಗೆದರೆ, ಮೊದಲು ಸಮಯಕ್ಕೆ ಸರಿಯಾಗಿ ಕೊಟ್ಟಿದ್ದರೂ ತಡವೆಂದು ಗುರುತಾಗುತ್ತದೆ. ಶಿಕ್ಷಕರು ಗಡುವಿಗೆ ದಿನಾಂಕವನ್ನಷ್ಟೇ ಹಾಕಿದ್ದರೆ ಸಾಮಾನ್ಯವಾಗಿ ಆ ರಾತ್ರಿ 11:59 ಎಂದು ಅರ್ಥ. 11:50ಕ್ಕೆ ಕುಳಿತರೆ ಸಾಕು ಎಂದು ಮಕ್ಕಳು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಮನೆಯ ಗಡುವು ರಾತ್ರಿಯ ಊಟಕ್ಕೆ ಮುಂಚೆ ಇರಲಿ.

"ಅನುಮತಿ ಬೇಕು" ಎಂಬ ಸಂದೇಶ ಬಂದು ಮಗುವಿಗೆ ಕಡತ ತೆರೆಯಲಾಗದಿದ್ದರೆ, ಆ ಕಂಪ್ಯೂಟರ್‌ನಲ್ಲಿ ಶಾಲೆಯ ಖಾತೆಯ ಬದಲು ನಿಮ್ಮ ಖಾತೆ ತೆರೆದಿದೆಯೇ ಎಂದು ಮೊದಲು ನೋಡಿ. ಬ್ರೌಸರ್‌ನಲ್ಲಿ ಮಗುವಿಗಾಗಿ ಬೇರೆ ಪ್ರೊಫೈಲ್ ಮಾಡಿಕೊಟ್ಟರೆ ಈ ತೊಂದರೆ ಮತ್ತೆ ಬರುವುದಿಲ್ಲ. ನೋಟ್‌ಪುಸ್ತಕದಲ್ಲಿ ಬರೆದದ್ದನ್ನು ಕಳುಹಿಸಬೇಕಾದರೆ ಆರು ಫೋಟೋಗಳನ್ನು ಬಿಡಿಬಿಡಿಯಾಗಿ ಸೇರಿಸುವ ಬದಲು ಡ್ರೈವ್ ಆ್ಯಪ್‌ನ ಸ್ಕ್ಯಾನ್ ಸೌಲಭ್ಯದಿಂದ ಒಂದೇ ಪಿಡಿಎಫ್ ಮಾಡಿ. ಬೆಳಕು ಎದುರಿನಿಂದ ಬೀಳುವ ಕಡೆ ಕುಳಿತರೆ ಕೈಯ ನೆರಳು ಬೀಳುವುದಿಲ್ಲ.

ಮಗುವಿನ ಬದಲು ನೀವು ಟೈಪ್ ಮಾಡಿಕೊಡಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಯಾವ ಮಾತು ಯಾವಾಗ, ಯಾವ ಖಾತೆಯಿಂದ ಸೇರಿತು ಎಂಬ ಇತಿಹಾಸ ಉಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಭಾಷೆ ಇನ್ನೂ ಎಲ್ಲಿ ತಡವರಿಸುತ್ತಿದೆ ಎಂದು ಶಿಕ್ಷಕರಿಗೆ ಕಾಣಬೇಕು. ಕಂಡರೆ ತಾನೆ ಸಹಾಯ ಬರುವುದು?

ಪರದೆಯ ಮಾತುಗಳು

ಗೂಗಲ್ ಟ್ರಾನ್ಸ್‌ಲೇಟ್‌ಗೆ 2011ರಿಂದ ಕನ್ನಡ ಗೊತ್ತಿದೆ. ಕ್ರೋಮ್‌ನಲ್ಲಿ ಪುಟದ ಮೇಲೆ ಬಲ ಗುಂಡಿ ಒತ್ತಿ ಅನುವಾದವನ್ನು ಆರಿಸಿದರೆ ಇಡೀ ಪುಟವನ್ನು ಕನ್ನಡದಲ್ಲಿ ಓದಬಹುದು. ಕಾಗದದ ಸುತ್ತೋಲೆಯನ್ನು ಫೋನಿನ ಕ್ಯಾಮೆರಾದ ಮೂಲಕ ಗೂಗಲ್ ಲೆನ್ಸ್‌ನಲ್ಲಿ ಓದಬಹುದು. ವಿಷಯ ತಿಳಿಯಲು ಇದು ಸಾಕು. ಆದರೆ ಶಾಲೆಯ ಕೆಲವು ಪದಗಳನ್ನು ಯಂತ್ರ ಅಕ್ಷರಶಃ ತಿರುಗಿಸಿಬಿಡುತ್ತದೆ. 'ಮಿಸ್ಸಿಂಗ್' ಎಂಬುದು 'ಕಾಣೆಯಾಗಿದೆ' ಎಂದು ಕಂಡರೆ ಗಾಬರಿಯಾಗಬೇಡಿ, ಕೆಲಸ ಇನ್ನೂ ಸಲ್ಲಿಕೆಯಾಗಿಲ್ಲ ಎಂದಷ್ಟೇ ಅದರ ಅರ್ಥ. 'ರಿಟರ್ನ್ಡ್' ಎಂದರೆ ತಿರಸ್ಕರಿಸಿದ್ದಾರೆ ಎಂದಲ್ಲ, ಶಿಕ್ಷಕರು ನೋಡಿ ಮರಳಿಸಿದ್ದಾರೆ. ಒಳಗೆ ಅವರ ಟಿಪ್ಪಣಿ ಇರಬಹುದು, ತೆರೆದು ಓದಿ. 'ಎಕ್ಸ್‌ಕ್ಯೂಸ್ಡ್' ಎಂದಿದ್ದರೆ ಆ ಕೆಲಸದಿಂದ ಮಗುವಿಗೆ ವಿನಾಯಿತಿ ಇದೆ, ಅಂಕದ ಲೆಕ್ಕಕ್ಕೆ ಅದು ಬರುವುದಿಲ್ಲ.

ಶಿಕ್ಷಕರಿಗೆ ಬರೆಯುವಾಗ ಕನ್ನಡದಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು ಅನುವಾದಿಸಿ. ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ ನೋಡಿ. ನೀವು ಹೇಳಿದ್ದೇ ಬಂದಿದ್ದರೆ ಕಳುಹಿಸಿ. ಮಗುವಿನ ಆರೋಗ್ಯ, ಕಲಿಕೆಯ ತೊಂದರೆ, ಶಿಸ್ತಿನ ದೂರು ಇಂತಹ ಗಂಭೀರ ವಿಷಯಗಳಿಗೆ ಯಂತ್ರವೂ ಬೇಡ, ಮಗುವಿನ ಬಾಯಿಯೂ ಬೇಡ. ದುಭಾಷಿ ಸಿಗುತ್ತಾರೆಯೇ ಎಂದು ಶಾಲೆಯನ್ನು ಕೇಳಿ.

ಅಂಕ ಏಕೆ ಕುಸಿಯಿತು?

ತಿಂಗಳಿಡೀ 90ರ ಮೇಲಿದ್ದ ಅಂಕ ಒಂದೇ ರಾತ್ರಿಯಲ್ಲಿ 70ಕ್ಕೆ ಇಳಿದರೆ ಮಗುವನ್ನು ಗದರಿಸುವ ಮೊದಲು ವಿವರ ತೆರೆದು ನೋಡಿ. ಅನೇಕ ವೇದಿಕೆಗಳಲ್ಲಿ ಅಂಕ ಹಾಕದ ಕೆಲಸ ಸರಾಸರಿಗೆ ಸೇರುವುದಿಲ್ಲ. ಸಲ್ಲಿಸದ ಕೆಲಸಕ್ಕೆ ಶಿಕ್ಷಕರು ಸೊನ್ನೆ ಹಾಕಿದ ಕ್ಷಣ ಸರಾಸರಿ ಬೀಳುತ್ತದೆ. ಪರೀಕ್ಷೆಗೆ ಹೆಚ್ಚು, ಮನೆಗೆಲಸಕ್ಕೆ ಕಡಿಮೆ ತೂಕ ಕೊಡುವ ಪದ್ಧತಿಯಿದ್ದರೆ ಒಂದೇ ಪರೀಕ್ಷೆಯಿಂದಲೂ ಹೀಗಾಗಬಹುದು. ತಡವಾಗಿ ಕೊಟ್ಟರೆ ಒಪ್ಪುತ್ತೀರಾ ಎಂದು ಶಿಕ್ಷಕರನ್ನು ಕೇಳುವುದನ್ನು ಮಗುವಿಗೆ ಕಲಿಸಿ. ಆ ಪತ್ರವನ್ನು ಮಗುವೇ ಬರೆಯಲಿ.

ಪಾಠವೇ ಅರ್ಥವಾಗದಿದ್ದರೆ

ಹೊಸ ಭಾಷೆಯಲ್ಲಿ ಭಿನ್ನರಾಶಿ ತಿಳಿಯದ ಮಗುವಿಗೆ ಭಿನ್ನರಾಶಿಯೇ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಛೇದ, ಅಂಶ ಎಂದು ಕನ್ನಡದಲ್ಲಿ ಹೇಳಿಕೊಟ್ಟು ನೋಡಿ. ಕನ್ನಡದಲ್ಲಿ ಗಟ್ಟಿಯಾದದ್ದು ಶಾಲೆಯ ಭಾಷೆಗೆ ಸಲೀಸಾಗಿ ದಾಟುತ್ತದೆ, ಹೊಸದಾಗಿ ಕಲಿಯಬೇಕಾದದ್ದು ಹೆಸರನ್ನು ಮಾತ್ರ. ಸಲ್ಮಾನ್ ಖಾನ್ ಎಂಬ ಶಿಕ್ಷಕರು 2008ರಲ್ಲಿ ಲಾಭರಹಿತ ಸಂಸ್ಥೆಯಾಗಿ ಕಟ್ಟಿದ ಖಾನ್ ಅಕಾಡೆಮಿಯಲ್ಲಿ ಪಾಠಗಳು ಉಚಿತ, ಗಣಿತದ ಪಾಠಗಳು ಕನ್ನಡದಲ್ಲೂ ಇವೆ. ಒಂದೇ ಪಾಠವನ್ನು ನೀವು ಕನ್ನಡದಲ್ಲಿ ನೋಡಿ, ಮಗು ಶಾಲೆಯ ಭಾಷೆಯಲ್ಲಿ ನೋಡಲಿ. ಆಮೇಲೆ ಇಬ್ಬರೂ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ. ನಮ್ಮ ಮನೆಯಲ್ಲಿ ಭಾನುವಾರ ಸಂಜೆಯ ಅರ್ಧ ಗಂಟೆ ಇದಕ್ಕೇ ಮೀಸಲಾಗಿತ್ತು. ಅದೇ ಹೊತ್ತಿನಲ್ಲಿ ವಾರದ ಸಾರಾಂಶವನ್ನೂ ಜೊತೆಯಾಗಿ ಓದುತ್ತಿದ್ದೆವು.

ಶಾಲೆ ಕೊಟ್ಟ ಲ್ಯಾಪ್‌ಟಾಪ್ ಶಾಲೆಯ ಹಿಡಿತದಲ್ಲಿರುತ್ತದೆ, ಅದರಲ್ಲಿ ತೆರೆದ ಪುಟಗಳು ಶಾಲೆಗೆ ಕಾಣುವ ಸಾಧ್ಯತೆಯೂ ಇದೆ. ನಿಮ್ಮ ಬ್ಯಾಂಕ್ ಕೆಲಸ, ವೀಸಾ ಕಾಗದಪತ್ರಗಳಿಗೆ ಅದನ್ನು ಬಳಸಬೇಡಿ. ಮನೆಯಲ್ಲಿ ಫೋನ್ ಬಿಟ್ಟು ಬೇರೆ ಸಾಧನವಿಲ್ಲದಿದ್ದರೆ ಸಂಕೋಚವಿಲ್ಲದೆ ಶಾಲೆಗೆ ತಿಳಿಸಿ. ಅನೇಕ ಶಾಲೆಗಳು ಎರವಲು ಕೊಡುತ್ತವೆ. ಫೋನಿನಲ್ಲಿ ನೋಡಬಹುದು, ಎರಡು ಪುಟದ ಪ್ರಬಂಧ ಬರೆಯುವುದು ಕಷ್ಟ.

ಇಷ್ಟೆಲ್ಲ ಓದಿಯೂ ಲಾಗಿನ್ ಆಗದೆ ಉಳಿದರೆ ಸಂಘದ ಸ್ವಯಂಸೇವಕರ ಜೊತೆ ಕುಳಿತು ಮಾಡೋಣ. ಶಾಲೆಯಿಂದ ಬಂದ ಪತ್ರ, ನಿಮ್ಮ ಫೋನ್, ಮಗುವಿನ ಲ್ಯಾಪ್‌ಟಾಪ್, ಮೂರನ್ನೂ ತನ್ನಿ, ಮಗುವನ್ನೂ ಕರೆತನ್ನಿ. ಪಾಸ್‌ವರ್ಡ್ ನಮಗೆ ಹೇಳಬೇಕಾಗಿಲ್ಲ, ನೀವೇ ಟೈಪ್ ಮಾಡಿ, ನಾವು ಪಕ್ಕದಲ್ಲಿರುತ್ತೇವೆ.