ಮೂರು ರಾತ್ರಿಯೋ ಏಳು ರಾತ್ರಿಯೋ: ಕ್ರೂಸ್ ಪ್ರವಾಸದ ಅವಧಿಯನ್ನು ಆಯ್ದುಕೊಳ್ಳುವ ಬಗೆ

ಕ್ರೂಸ್ ಕಂಪನಿಗಳು ಪ್ರವಾಸವನ್ನು ರಾತ್ರಿಗಳ ಲೆಕ್ಕದಲ್ಲಿ ಮಾರುತ್ತವೆ. ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಆ ರಾತ್ರಿಗಳನ್ನು ಹಗಲುಗಳ ಲೆಕ್ಕಕ್ಕೆ ತಿರುಗಿಸಿಕೊಳ್ಳುವುದು. ಸಿಂಗಪುರದಿಂದ ಹೊರಡುವ ಮೂರು ರಾತ್ರಿಯ ಪ್ರವಾಸವನ್ನೇ ತೆಗೆದುಕೊಳ್ಳಿ. ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಸಾಮಾನು ಒಪ್ಪಿಸಿ, ತಪಾಸಣೆ ಮತ್ತು ವಲಸೆ ವಿಭಾಗದ ಸಾಲುಗಳನ್ನು ದಾಟಿ ಹಡಗು ಹತ್ತುವ ವೇಳೆಗೆ ಮಧ್ಯಾಹ್ನವಾಗಿರುತ್ತದೆ. ಊಟ ಮುಗಿಸಿ, ಕೋಣೆಯನ್ನು ಹುಡುಕಿಕೊಂಡು, ಎಲ್ಲರಿಗೂ ಕಡ್ಡಾಯವಾದ ಸುರಕ್ಷತಾ ಅಭ್ಯಾಸವನ್ನು ಪೂರೈಸುವಷ್ಟರಲ್ಲಿ ಸಂಜೆ. ಕೊನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಕೋಣೆಯನ್ನು ಬಿಟ್ಟುಕೊಡಬೇಕು. ನಿಮಗೆ ಪೂರ್ತಿಯಾಗಿ ಸಿಗುವುದು ಎರಡೇ ಹಗಲು. ಏಳು ರಾತ್ರಿಯ ಪ್ರವಾಸದಲ್ಲಿ ಹೀಗೆ ಪೂರ್ತಿಯಾಗಿ ಸಿಗುವ ಹಗಲುಗಳು ಆರು. ಹತ್ತುವ ದಿನವೂ ಇಳಿಯುವ ದಿನವೂ ಪ್ರವಾಸ ಎಷ್ಟೇ ಉದ್ದವಿರಲಿ ಅಷ್ಟೇ ಹೊತ್ತನ್ನು ತಿನ್ನುತ್ತವೆ.

ಹಣದ ಮಾತೂ ಹೀಗೆಯೇ. ಬೆಂಗಳೂರಿನಿಂದ ಹೋಗಿಬರುವ ವಿಮಾನದ ಟಿಕೆಟ್, ವೀಸಾ ಶುಲ್ಕ, ಹಡಗು ಹೊರಡುವ ಹಿಂದಿನ ರಾತ್ರಿಯ ಹೋಟೆಲು, ಇವು ಮೂರು ರಾತ್ರಿಗೂ ಏಳು ರಾತ್ರಿಗೂ ಒಂದೇ. ಈ ಮೊತ್ತವನ್ನು ಪೂರ್ಣ ಹಗಲುಗಳ ಸಂಖ್ಯೆಯಿಂದ ಭಾಗಿಸಿ ನೋಡಿದರೆ, ಜಾಹೀರಾತಿನಲ್ಲಿ ಅಗ್ಗವೆಂದು ಕಂಡ ಚಿಕ್ಕ ಪ್ರವಾಸ ಅಷ್ಟೇನೂ ಅಗ್ಗವಲ್ಲವೆಂಬುದು ಗೊತ್ತಾಗುತ್ತದೆ. ಹಿಂದಿನ ರಾತ್ರಿಯ ಹೋಟೆಲನ್ನು ಉಳಿಸಹೊರಟು ಅದೇ ದಿನದ ವಿಮಾನ ಹಿಡಿಯಬೇಡಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ದಿನ ಹೆಚ್ಚಿದಂತೆ ಬೆಳೆಯುವ ಖರ್ಚುಗಳನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಅಮೆರಿಕದ ದೊಡ್ಡ ಕಂಪನಿಗಳು ಸಿಬ್ಬಂದಿಯ ಟಿಪ್ಸ್ ಎಂದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಹಿಡಿಯುತ್ತವೆ. 18 ಡಾಲರ್ ಎಂದು ಇಟ್ಟುಕೊಂಡರೂ ನಾಲ್ವರ ಕುಟುಂಬಕ್ಕೆ ಮೂರು ರಾತ್ರಿಗೆ 216 ಡಾಲರ್, ಏಳು ರಾತ್ರಿಗೆ 504 ಡಾಲರ್ ಆಗುತ್ತದೆ. ಇಂಟರ್ನೆಟ್, ತಂಪು ಪಾನೀಯ, ಬಟ್ಟೆ ಒಗೆತ, ಬಂದರಿನ ಸುತ್ತಾಟ ಇವೆಲ್ಲ ಇದರ ಮೇಲೆ. ಮೂರು ದಿನ ವೈಫೈ ಇಲ್ಲದೆ ಸುಖವಾಗಿರಬಹುದು. ಏಳು ದಿನವಾದರೆ ಕಚೇರಿಯ ಕರೆಗೋ ಊರಿನ ಸುದ್ದಿಗೋ ಯಾರಾದರೊಬ್ಬರಿಗೆ ಅದು ಬೇಕೇ ಆಗುತ್ತದೆ.

ಇಷ್ಟಾದರೂ ಅವಧಿಯನ್ನು ಕೊನೆಗೆ ನಿರ್ಧರಿಸಬೇಕಾದದ್ದು ದುಡ್ಡಲ್ಲ, ದೂರ ಎಂಬುದು ನನ್ನ ಅಭಿಪ್ರಾಯ. ಪ್ರಯಾಣಿಕರ ಹಡಗು ಸಾಮಾನ್ಯವಾಗಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಸಿಂಗಪುರದಿಂದ ಮಲೇಷ್ಯಾದ ಪೋರ್ಟ್ ಕ್ಲಾಂಗ್ ಒಂದು ರಾತ್ರಿಯ ಹಾದಿ. ಥಾಯ್ಲೆಂಡಿನ ಫುಕೆಟ್‌ಗೆ ಒಂದು ರಾತ್ರಿ ಸಾಲದು. ಆದುದರಿಂದಲೇ ಮೂರು ರಾತ್ರಿಯ ಪ್ರವಾಸಗಳು ಹೆಚ್ಚಾಗಿ ಒಂದೇ ಬಂದರನ್ನು ಮುಟ್ಟಿ ಮರಳುತ್ತವೆ, ಫುಕೆಟ್ ಬೇಕೆಂದರೆ ನಾಲ್ಕೋ ಐದೋ ರಾತ್ರಿಯದನ್ನು ನೋಡಬೇಕಾಗುತ್ತದೆ. ಒಂದೇ ಬಂದರು ಇರುವಾಗ ಅದು ಯಾವುದು ಎಂಬುದು ಬಹಳ ಮುಖ್ಯ. ಮಲೇಷ್ಯಾದ್ದೇ ಆದ ಪೆನಾಂಗಿನಲ್ಲಿ ಹಡಗು ನಿಲ್ಲುವುದು ಜಾರ್ಜ್‌ಟೌನಿನ ಅಂಚಿನಲ್ಲೇ. ಇಳಿದು ನಡೆದರೆ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೆಯ ಬೀದಿಗಳು ಎದುರಿಗಿರುತ್ತವೆ. ಪೋರ್ಟ್ ಕ್ಲಾಂಗಿನಲ್ಲಿ ಇಳಿದು ಕೌಲಾಲಂಪುರ ನೋಡಲು ಹೊರಟರೆ ಬಸ್ಸಿನಲ್ಲಿ ಹೋಗಲೂ ಬರಲೂ ತಲಾ ಒಂದು ಗಂಟೆಗೆ ಮಿಕ್ಕಿ ಹಿಡಿಯುತ್ತದೆ, ಊರಿನಲ್ಲಿ ನಿಲ್ಲಲು ಉಳಿಯುವ ಹೊತ್ತು ಅಷ್ಟಕ್ಕಷ್ಟೆ. ಎರಡೂ ಮೂರು ರಾತ್ರಿಯ ಪ್ರವಾಸಗಳೇ ಆದರೂ ನಾನು ಆರಿಸುವುದು ಪೆನಾಂಗನ್ನು.

ಇನ್ನು ಕೆಲವು ಜಾಗಗಳಿಗೆ ಚಿಕ್ಕ ಪ್ರವಾಸ ಎಂಬುದೇ ಸಾಧ್ಯವಿಲ್ಲ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರಲ್ಲಿ ಅನೇಕರು ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ರಾತ್ರಿಯ ಕ್ರೂಸ್ ಮಾಡುತ್ತಾರೆ. ಸಿಯಾಟಲ್ ಬಿಟ್ಟ ಹಡಗು ಅಲಾಸ್ಕಾದ ಮೊದಲ ಊರನ್ನು ಮುಟ್ಟಲು ಒಂದೂವರೆ ದಿನಕ್ಕೂ ಹೆಚ್ಚು ಬೇಕು. ಹೋಗಿಬರುವುದಕ್ಕೇ ಮೂರು ದಿನಗಳು ಸಲ್ಲುತ್ತವೆ, ಉಳಿದ ದಿನಗಳಲ್ಲಿ ಜೂನೋ, ಸ್ಕ್ಯಾಗ್ವೇ, ಕೆಚಿಕನ್‌ನಂಥ ಊರುಗಳು. ನಾನು ತಂದೆತಾಯಿಯೊಂದಿಗೆ ಹೋದ ಹಡಗು ಗ್ಲೇಸಿಯರ್ ಬೇಯನ್ನೂ ಹೊಕ್ಕಿತ್ತು. ಅಲ್ಲಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗುಗಳಿಗೆ ಅನುಮತಿಯಿಲ್ಲವಾದ್ದರಿಂದ, ಟಿಕೆಟ್ ಕೊಳ್ಳುವ ಮೊದಲು ಆ ಹೆಸರು ಮಾರ್ಗಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ನೀರಿನ ಮೇಲೆ ಸುಮಾರು 250 ಅಡಿ ಎದ್ದು ನಿಂತ ಮಾರ್ಜರಿ ಹಿಮನದಿಯ ಮುಂದೆ ಹಡಗು ಎಂಜಿನ್ನಿನ ಸದ್ದಡಗಿಸಿ ನಿಂತಿತು. ನೀಲಿ ಛಾಯೆಯ ಮಂಜುಗಡ್ಡೆಯ ಗೋಡೆಯಿಂದ ಒಂದು ತುಂಡು ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಂಡಿತು. ಗುಡುಗಿನಂಥ ಸದ್ದು ನಮ್ಮನ್ನು ತಲುಪಿದ್ದು ಆಮೇಲೆ. ಶಾಲು ಹೊದ್ದು ಕಟಾಂಜನ ಹಿಡಿದು ನಿಂತಿದ್ದ ನನ್ನ ತಾಯಿ ಒಳಗೆ ಬಿಸಿ ಕಾಫಿಯಿದೆ ಎಂದು ಕರೆದರೂ ಎರಡು ಗಂಟೆ ಕದಲಲಿಲ್ಲ. ಇಂಥ ಹೊತ್ತು ಬೇಕೆಂದಾದರೆ ಏಳು ರಾತ್ರಿ ಹೆಚ್ಚಲ್ಲ.

ಉದ್ದದ ಪ್ರವಾಸದಲ್ಲಿ ಕಾಗದಪತ್ರದ ಜವಾಬ್ದಾರಿಯೂ ಹೆಚ್ಚು. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ, ಅನೇಕ ವೇಳೆ ಸಂಜೆಯ ಕೆಲವೇ ಗಂಟೆಗಳ ಮಟ್ಟಿಗೆ, ನಿಲ್ಲುವುದನ್ನು ನೀವು ಗಮನಿಸಬಹುದು. ಅಮೆರಿಕದ 1886ರ ಕಾಯಿದೆಯೊಂದರ ಪ್ರಕಾರ ವಿದೇಶಿ ಧ್ವಜದ ಹಡಗು ಯಾವುದೇ ಪರದೇಶದ ಬಂದರನ್ನು ಮುಟ್ಟದೆ ಅಮೆರಿಕದಲ್ಲೇ ಜನರನ್ನು ಹತ್ತಿಸಿ ಅಮೆರಿಕದಲ್ಲೇ ಇಳಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾ, ಬರ್ಮುಡಾ ಮೊದಲಾದ ಕಡೆ ನೋಂದಣಿಯಾದವು. ಆ ಕೆಲವು ಗಂಟೆಗಳಿಗಾಗಿ ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಭೇಟಿಗೆ ಬಂದವರು ಕೆನಡಾದ ವೀಸಾವನ್ನೂ ಪಡೆದಿರಬೇಕು, ಹಡಗಿನಿಂದ ಇಳಿಯುವ ಇಚ್ಛೆ ಇಲ್ಲದಿದ್ದರೂ. ನಮ್ಮ ಟಿಕೆಟ್ ಮಾಡಿಸಿದ ಏಜೆಂಟರು ಇದನ್ನು ಹೇಳಿರಲಿಲ್ಲ. ಹೊರಡಲು ಎರಡೂವರೆ ತಿಂಗಳಿರುವಾಗ ಮಾರ್ಗಪಟ್ಟಿಯನ್ನು ನಾನೇ ಓದಿದ್ದರಿಂದ ಅಪ್ಪ ಅಮ್ಮನ ಅರ್ಜಿ ಹಾಕಲು ಸಮಯ ಸಿಕ್ಕಿತು. ಸಿಂಗಪುರದ ಚಿಕ್ಕ ಪ್ರವಾಸದಲ್ಲೂ ಮಲೇಷ್ಯಾ ಮುಟ್ಟಿ ಮರಳುವುದು ಸಿಂಗಪುರಕ್ಕೆ ಎರಡನೆಯ ಪ್ರವೇಶವೆಂದೇ ಲೆಕ್ಕ. ಬಹುಪ್ರವೇಶದ ವೀಸಾ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಜೊತೆಗೆ ಬರುವವರ ಮೈಯನ್ನೂ ಮನಸ್ಸನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಕಡಲಿನ ಓಲಾಟ ತಮ್ಮ ಮನೆಯವರಿಗೆ ಒಗ್ಗುತ್ತದೋ ಇಲ್ಲವೋ ತಿಳಿಯದವರು ಮುಂಬೈಯಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗುವ ಕೆಲವೇ ರಾತ್ರಿಗಳ ಹಡಗಿನಲ್ಲಿ ಮೊದಲು ನೋಡುವುದು ಒಳ್ಳೆಯದು: ವಿದೇಶದ ಟಿಕೆಟ್ ಬೇಡ, ಊಟದ ಚಿಂತೆಯೂ ಇಲ್ಲ. ಲಕ್ಷದ್ವೀಪದಲ್ಲಿ ಹಡಗಿನಿಂದ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕಾದ್ದರಿಂದ ಮಂಡಿನೋವಿನವರು ಮುಂಚೆಯೇ ವಿಚಾರಿಸಿಕೊಳ್ಳಲಿ. ಯಾವ ಹಡಗಾದರೂ ಕೆಳಗಿನ ಅಂತಸ್ತಿನ ನಡುಮಧ್ಯದ ಕೋಣೆಯಲ್ಲಿ ಓಲಾಟ ಕಡಿಮೆ.

ಊಟದ ವಿಷಯದಲ್ಲಿ ಮೂರು ದಿನ ಬ್ರೆಡ್ಡು, ಪಾಸ್ತಾ, ಹಣ್ಣಿನಲ್ಲಿ ಕಳೆದುಹೋಗುತ್ತವೆ; ನಾಲ್ಕನೆಯ ದಿನ ಸಾರು ಅನ್ನದ ನೆನಪು ಹತ್ತುತ್ತದೆ. ಉದ್ದದ ಪ್ರವಾಸವಾದರೆ ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮುಖ್ಯಸ್ಥರಿಗೆ ಸಸ್ಯಾಹಾರಿಗಳೆಂದು ಹೇಳಿ, ಮರುದಿನಕ್ಕೆ ಭಾರತೀಯ ಅಡುಗೆ ಮಾಡಿಸಬಹುದೇ ಎಂದು ಕೇಳಿ. ಸಿಬ್ಬಂದಿಯಲ್ಲಿ ಗೋವಾ, ಮುಂಬೈ, ಮಂಗಳೂರಿನ ಕಡೆಯವರು ಇರುತ್ತಾರೆ. ನಮಗೆ ಬಡಿಸುತ್ತಿದ್ದ ಹುಡುಗ ಉಡುಪಿಯ ಕಡೆಯವನೆಂದು ತಿಳಿದ ಮೇಲೆ ಅಮ್ಮನ ತಟ್ಟೆಗೆ ಪ್ರತಿದಿನ ಒಂದು ಬಟ್ಟಲು ತೊವ್ವೆ ಬರತೊಡಗಿತು. ಚಟ್ನಿಪುಡಿಯ ಪ್ಯಾಕೆಟ್ ಅಂಗಡಿಯಲ್ಲಿ ಸೀಲಾದದ್ದೇ ಇರಲಿ. ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಅನೇಕ ಹಡಗುಗಳು ಒಳಗೆ ಬಿಡುವುದಿಲ್ಲ.

ಎರಡು ವಾರಕ್ಕೂ ಸಮೀಪದ ಪ್ರವಾಸ ನಿವೃತ್ತರಿಗೆ ಸರಿ. ಶರತ್ಕಾಲದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ನೆಲೆ ಬದಲಿಸುವ ಹಡಗುಗಳಲ್ಲಿ ರಾತ್ರಿಯೊಂದರ ದರ ಸಾಮಾನ್ಯವಾಗಿ ಕಡಿಮೆ, ಪಶ್ಚಿಮಕ್ಕೆ ಸಾಗುವುದರಿಂದ ಹಲವು ರಾತ್ರಿ ಗಡಿಯಾರ ಒಂದು ಗಂಟೆ ಹಿಂದೆ ಸರಿದು ನಿದ್ದೆಯೂ ಹೆಚ್ಚು ಸಿಗುತ್ತದೆ. ಆದರೆ ಸತತ ಐದಾರು ದಿನ ನೆಲ ಕಾಣದು, ಪುಸ್ತಕವೋ ಮಾತೋ ಸಾಕೆನ್ನುವವರಿಗೆ ಮಾತ್ರ ಅದು ಹಿಡಿಸುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ ಇಟ್ಟುಕೊಳ್ಳಿ, ಹಡಗಿನ ವೈದ್ಯರ ಶುಲ್ಕವನ್ನೂ ಭರಿಸುವ ವಿಮೆ ಮಾಡಿಸಿ. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಬಾಗಿಲ ಹೊರಗೆ ಇಟ್ಟರೆ ಸಿಬ್ಬಂದಿ ಒಯ್ಯುತ್ತಾರೆ, ಮತ್ತೆ ಅವು ಕೈಗೆ ಸಿಗುವುದು ದಡದಲ್ಲೇ. ಬೆಳಗಿನ ಮಾತ್ರೆ, ಪಾಸ್‌ಪೋರ್ಟ್, ಮರುದಿನ ಉಡುವ ಬಟ್ಟೆ ಪೆಟ್ಟಿಗೆಯೊಂದಿಗೆ ಹೊರಗೆ ಹೋಗದಂತೆ ನೋಡಿಕೊಳ್ಳಿ.