ಕೋಡ್ ಬರೆದು ತಂತಿ ಮೀಟಿದ್ದು

ಮೀಟಿದ ತಂತಿಯ ಸದ್ದನ್ನು ನಾನೇ ಕೋಡ್ ಬರೆದು ಹುಟ್ಟಿಸಬೇಕು ಅಂತ ಆಸೆಯಿತ್ತು. ಶುರು ಮಾಡಿದ್ದು ಸದ್ದು ಹುಟ್ಟಿಸಲೆಂದೇ ಇರುವ ಪ್ರೋಗ್ರಾಮಿಂಗ್ ಭಾಷೆ ಸೂಪರ್‌ಕೊಲೈಡರ್‌ನಲ್ಲಿ. ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ಹೊರತಂದ ಈ ಭಾಷೆ 2002ರಿಂದ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಒಂದು ಸಾಲು ಓಡಿಸಿದರೆ ತಕ್ಷಣ ಸದ್ದು ಕೇಳಿಸುತ್ತದೆ. ಕಿವಿಯಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಾನು ಹಿಡಿದದ್ದು ಕಾರ್‌ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ. ಚೂರು ನಾಯ್ಸನ್ನು, ಅಂದರೆ ಸ್ವರವಿಲ್ಲದ ಗೊರಗೊರ ಸದ್ದನ್ನು, ಡಿಲೇ ಲೈನ್‌ಗೆ (ಒಳಗೆ ಬಂದದ್ದನ್ನು ತುಸು ತಡ ಮಾಡಿ ಆಚೆ ಬಿಡುವ ಸಾಲಿಗೆ) ತುಂಬಬೇಕು. ಆಚೆ ಬಂದ ಪ್ರತಿ ಸ್ಯಾಂಪಲ್ಲನ್ನು (ಸದ್ದಿನ ಒಂದು ಕ್ಷಣದ ಅಳತೆಯನ್ನು) ಅದರ ಹಿಂದಿನದರ ಜೊತೆ ಸರಾಸರಿ ಮಾಡಿ ಮತ್ತೆ ಒಳಗೆ ಬಿಡಬೇಕು. ಅಷ್ಟೇ! ಸುತ್ತು ಸುತ್ತಿಗೂ ಚುರುಕಾದ ಕಂಪನಗಳು ಮೊದಲು ಸಾಯುತ್ತವೆ, ದಪ್ಪ ಸ್ವರ ಉಳಿಯುತ್ತದೆ. ನಿಜವಾದ ತಂತಿಯಲ್ಲೂ ಹೀಗೇ ಅಲ್ವಾ? ಸ್ವರ ಯಾವುದು ಅನ್ನುವುದನ್ನು ಡಿಲೇಯ ಉದ್ದ ತೀರ್ಮಾನಿಸುತ್ತದೆ; ಉದ್ದ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ.

ಇದಕ್ಕೆ ಸೂಪರ್‌ಕೊಲೈಡರ್‌ನಲ್ಲಿ 'ಪ್ಲಕ್' ಅಂತ ರೆಡಿಮೇಡ್ ಘಟಕವೇ ಇದೆ. ಆದರೆ ಒಳಗಿನ ಸುತ್ತನ್ನು ನಾನೇ ಕಟ್ಟಬೇಕಿತ್ತು. ಕಟ್ಟಿದಾಗ ಒಂದು ಗೋಡೆ ಎದುರಾಯಿತು. ಸೂಪರ್‌ಕೊಲೈಡರ್‌ನಲ್ಲಿ ಸದ್ದನ್ನು ಹುಟ್ಟಿಸುವ ಭಾಗವಾದ ಸರ್ವರ್ ಸಾಮಾನ್ಯವಾಗಿ 64 ಸ್ಯಾಂಪಲ್‌ಗಳನ್ನು ಒಂದು ಬ್ಲಾಕ್ ಮಾಡಿ ಒಟ್ಟಿಗೆ ಲೆಕ್ಕ ಹಾಕುತ್ತದೆ. ನಾವು ಕಟ್ಟಿದ ಫೀಡ್‌ಬ್ಯಾಕ್ ಸುತ್ತು (ಆಚೆ ಬಂದದ್ದನ್ನು ಮತ್ತೆ ಒಳಗೆ ಬಿಡುವ ದಾರಿ) ಅದಕ್ಕಿಂತ ಚಿಕ್ಕದಾಗಲು ಆಗುವುದಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದರೆ, ಸುಮಾರು 689 ಹರ್ಟ್ಸ್‌ಗಿಂತ ಮೇಲಿನ ಸ್ವರ ಬರುವುದೇ ಇಲ್ಲ. ಬ್ಲಾಕ್ ಗಾತ್ರ ಇಳಿಸಬಹುದು, ಆದರೆ ಪ್ರೊಸೆಸರ್ ಮೇಲೆ ಹೊರೆ ಜಾಸ್ತಿ.

ಹಾಗಾಗಿ ಸುತ್ತನ್ನು ಫೌಸ್ಟ್‌ನಲ್ಲಿ ಬರೆದೆ. ಫ್ರಾನ್ಸಿನ ಲಿಯಾನ್‌ನಲ್ಲಿರುವ ಗ್ರಾಮ್ ಎಂಬ ಸಂಗೀತ ಕೇಂದ್ರದಲ್ಲಿ ಹುಟ್ಟಿದ ಮುಕ್ತ ಭಾಷೆ ಇದು. ಇಲ್ಲಿ ಫೀಡ್‌ಬ್ಯಾಕ್‌ಗೆ ಒಂದು ಟಿಲ್ಡೆ (~) ಚಿಹ್ನೆ ಸಾಕು, ತಡ ಒಂದೇ ಒಂದು ಸ್ಯಾಂಪಲ್. ಆ ಒಂದನ್ನೂ ಡಿಲೇ ಉದ್ದದಿಂದ ಕಳೆಯಬೇಕು, ಮರೆಯಬೇಡಿ. ಬರೆದದ್ದನ್ನು ಕಂಪೈಲ್ ಮಾಡಿ ಸೂಪರ್‌ಕೊಲೈಡರ್‌ಗೇ ಹೊಸ ಘಟಕವಾಗಿ ಸೇರಿಸಿಕೊಂಡೆ. ಎರಡೂ ಭಾಷೆಗಳು ಮುಕ್ತವಾಗಿರುವುದರಿಂದಲೇ ಇಂಥ ಕೂಡಿಕೆ ಇಷ್ಟು ಸಲೀಸು.

ಆಮೇಲಿನ ಕೆಲಸವೆಲ್ಲ ಶ್ರುತಿಯದು. ಸುತ್ತು 25 ಸ್ಯಾಂಪಲ್ ಆದರೆ 1764 ಹರ್ಟ್ಸ್, 26 ಆದರೆ 1696. ನಡುವಿನ ಸ್ವರ ಬೇಕಾದರೆ? ಸ್ಯಾಂಪಲ್‌ನ ಭಾಗಗಳಲ್ಲೂ ತಡ ಮಾಡುವ ಡಿಲೇ ಬೇಕು. ಸರಳವಾದ ಲೀನಿಯರ್ ಇಂಟರ್‌ಪೊಲೇಶನ್ (ಪಕ್ಕದ ಎರಡು ಸ್ಯಾಂಪಲ್‌ಗಳ ನಡುವೆ ನೇರ ಗೆರೆ ಎಳೆದು ನಡುವಿನ ಬೆಲೆ ಊಹಿಸುವುದು) ಸದ್ದನ್ನು ಮಂಕು ಮಾಡುತ್ತದೆ, ಸುತ್ತಿನೊಳಗೆ ಆ ಮಂಕು ಸೇರುತ್ತಾ ಹೋಗುತ್ತದೆ. ಫೌಸ್ಟ್ ಲೈಬ್ರರಿಯಲ್ಲಿರುವ, ನೇರ ಗೆರೆಯ ಬದಲು ಹೆಚ್ಚು ಸ್ಯಾಂಪಲ್‌ಗಳ ಮೂಲಕ ಬಾಗಿದ ಗೆರೆ ಎಳೆಯುವ ಲಗ್ರಾಂಜ್ ಡಿಲೇ ನನಗೆ ಹೆಚ್ಚು ಹಿಡಿಸಿತು.

ಇನ್ನೊಂದು ವಿಷಯ. ಮೇಲಿನ ಸ್ವರಗಳು ಬೇಗ ಸತ್ತುಹೋಗುತ್ತಿದ್ದವು, ಯಾಕೆಂದರೆ ಅವು ಸೆಕೆಂಡಿಗೆ ಹೆಚ್ಚು ಸಲ ಸರಾಸರಿಯ ಕೈಗೆ ಸಿಗುತ್ತವೆ. ಅದಕ್ಕೆ ಹಿಂದಿನ ಸ್ಯಾಂಪಲ್‌ನ ಪಾಲನ್ನು ಅರ್ಧದಿಂದ ಇಳಿಸಿದೆ. ಆಗ ಶ್ರುತಿ ಮತ್ತೆ ಜಾರಿತು. ಸಮಪಾಲಿನ ಸರಾಸರಿ ಅರ್ಧ ಸ್ಯಾಂಪಲ್ ತಡ ಮಾಡುತ್ತದೆ, ಪಾಲು ಇಳಿದರೆ ತಡವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಈಗ ಪ್ರತಿ ಸ್ವರಕ್ಕೂ ಡಿಲೇ ಉದ್ದದಿಂದ ಆ ಪಾಲನ್ನೇ ಕಳೆಯುತ್ತೇನೆ.